ವಿನಿಯನ್ನು ಕೇಳದೆ ಬರೆದ ವರದಿಗಳು

ಮಾರ್ಚ್ ೧೧, ಮಂಗಳವಾರ

ನಿದ್ದೆ ಹತ್ತುತ್ತಿಲ್ಲ. ವಿನಿಗೆ ಮೂವತ್ತನಾಲ್ಕು ವರ್ಷ, ಮಾತು ನಿಧಾನ. ಅವಳನ್ನು ತನ್ನಲ್ಲೇ ಇರಿಸಿಕೊಂಡು ನೋಡಿಕೊಳ್ಳುವ ಗ್ಲೆನಿಸ್ ಮನೆಗೆ ಕಚೇರಿಯ ಪರವಾಗಿ ತಿಂಗಳಿಗೊಮ್ಮೆ ವಿಚಾರಿಸಲು ಹೋಗುವುದು ನನ್ನ ಕೆಲಸ. ಪ್ರತಿ ಸಲವೂ ಗ್ಲೆನಿಸ್ಸೇ ಉತ್ತರ ಕೊಡುತ್ತಿದ್ದಳು: "ಇವಳಿಗೇನ್ ಕಮ್ಮಿ, ರಾಣಿ ಥರ ಇದಾಳೆ." ನಾನೂ ಹಾಗೇ ಬರೆದುಕೊಂಡು ಬರುತ್ತಿದ್ದೆ.

ಇವತ್ತು ವಿನಿಯೊಬ್ಬಳನ್ನೇ ಬರ್ನಿ ಊರಿನ ಕಡಲತೀರಕ್ಕೆ ಕರೆದೊಯ್ದೆ. ಚಿಪ್ಸ್ ತಿನ್ನುತ್ತಾ ಕೇಳಿದಳು, "ನಿಮ್ ರೂಮಿಗೂ ಹೊರಗಿಂದ ಚಿಲಕ ಹಾಕ್ತಾರಾ?"

"ಇಲ್ಲ ಕಣೇ. ನಿಂಗೆ ಹಾಕ್ತಾರಾ?"

"ದಿನಾ. ಅತ್ರೆ ಊಟಾನೂ ಇಲ್ಲ."

ಅವಳನ್ನು ಮತ್ತೆ ಆ ಮನೆಗೆ ಕಳಿಸಲಿಲ್ಲ. ಕಚೇರಿಗೂ ಪೊಲೀಸರಿಗೂ ತಿಳಿಸಿದೆ. ಈಗ ಬೇರೊಂದು ಮನೆಯಲ್ಲಿ ಮಲಗಿದ್ದಾಳೆ. ನಾನು ಹೊರಡುವಾಗ ಕೇಳಿದಳು, "ಮೊದ್ಲೇ ಯಾಕೆ ನನ್ನ ಕೇಳ್ಲಿಲ್ಲ?"

ಹನ್ನೊಂದು ಸಲ ಹೋಗಿದ್ದೆ. ಹನ್ನೊಂದು ಸಲವೂ ಅವಳು ನನ್ನೆದುರಿಗೇ ಕೂತಿದ್ದಳು.