ಗಮ್ಜಾ ತೋಟಕ್ಕೆ ಹೋಗುವುದಿಲ್ಲ

ರೀ,

ಗಿಜಾಂಗ್ ಸಂತೆಗೆ ಹೊರಟಿದ್ದೇನೆ. ನಮ್ಮ ನಾಯಿ ಗಮ್ಜಾ ನಿಮ್ಮ ಅಣ್ಣನ ತೋಟಕ್ಕೆ ಹೋಗುವುದಿಲ್ಲ.

"ನಾಯಿ ಕೊಳೀತಾ ಇದೆ, ನಮಗೂ ಅಂಟುತ್ತೆ, ಅಣ್ಣನ ತೋಟದಲ್ಲಿ ಕಟ್ಟಿಹಾಕೋಣ" ಎಂದು ನೀವು ಕೂಗಾಡಿದ ಮೇಲೆ ಅವನನ್ನು ಡಾಕ್ಟರಿಗೆ ತೋರಿಸಿದೆ. ಕಿವಿಯ ಗುಗ್ಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, "ಇದು ಯೀಸ್ಟ್ ಸೋಂಕು ಅಮ್ಮಾ, ನಿಮಗೆ ಅಂಟಲ್ಲ. ಉದ್ದ ಕಿವಿ, ಒಳಗೆ ಒದ್ದೆ ನಿಂತು ಜಾಸ್ತಿಯಾಗಿದೆ. ವಾಸಿಯಾಗುತ್ತೆ" ಅಂದರು. ಮಳೆಗಾಲವೆಲ್ಲ ಅವನನ್ನು ಸಮುದ್ರದಲ್ಲಿ ಆಡಿಸಿ, ಒರೆಸದೆ ಕರೆತಂದವರು ಯಾರು?

ಹಾಗಾಗಿ ಇವತ್ತಿನ ಆರೈಕೆ ನಿಮ್ಮದೇ. ಫ್ರಿಜ್ಜಿನ ಪಕ್ಕದ ನೀಲಿ ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅದರಲ್ಲಿರುವ ಕಿವಿ ತೊಳೆಯುವ ದ್ರಾವಣವನ್ನು ಕಿವಿ ತುಂಬ ಬಿಡಿ, ಕಿವಿಯ ಬುಡವನ್ನು ಮೆಲ್ಲಗೆ ತಿಕ್ಕಿ. ತಲೆ ಕೊಡವುತ್ತಾನೆ. ನಿಮ್ಮ ಅಂಗಿಗೆ ಸಿಡಿದರೆ ಸಿಡಿಯಲಿ. ಹೊರಗೆ ಬಂದದ್ದನ್ನು ಹತ್ತಿಯಿಂದ ಒರೆಸಿ, ಕಡ್ಡಿ ಹಾಕಿ ಕೆದಕಬೇಡಿ. ಆಮೇಲೆ ಔಷಧಿಯ ಹನಿ. ಪಾದಗಳಲ್ಲೂ ಅದೇ ಯೀಸ್ಟ್ ಇದೆ; ಡಾಕ್ಟರು ಕೊಟ್ಟ ಶಾಂಪೂ ಹಚ್ಚಿ, ನೊರೆ ಹತ್ತು ನಿಮಿಷ ಹಾಗೇ ಇರಲಿ. ತೊಳೆದ ಮೇಲೆ ಬೆರಳ ಸಂದಿಯೂ ಒಣಗಬೇಕು. ನಿಮ್ಮ ವಿನೆಗರ್ ಪ್ರಯೋಗ ಬೇಡ. ಕಿವಿ ಕೆಂಪಾಗಿದೆ, ಉರಿಯುತ್ತದೆ.

ನಿನ್ನೆ ಅಷ್ಟು ಬೈದರೂ ಅವನು ನಿಮ್ಮ ಚಪ್ಪಲಿಯ ಮೇಲೆಯೇ ತಲೆಯಿಟ್ಟು ಮಲಗಿದ್ದ. ನಾನಾಗಿದ್ದರೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಸಂಜೆ ನಾಯಿ ಒಯ್ಯಲು ಭಾವ ಗಾಡಿ ತರುವವರಿದ್ದರಲ್ಲ, ಅವರಿಗೆ ನಾನೇ ಫೋನ್ ಮಾಡಿದೆ. "ಬನ್ನಿ ಭಾವಾ, ಕಡಲಪಾಚಿ ಸಾರು ಮಾಡಿರ್ತೀನಿ, ಹೊಟ್ಟೆ ತುಂಬ ಉಂಡು ಹೋಗಿ. ನಾಯಿ ಮಾತ್ರ ಕೊಡಲ್ಲ."

"ಇದು ನನ್ನ ತಮ್ಮನಿಗೆ ಗೊತ್ತಾ?" ಅಂದರು.

"ಎದ್ದು ಚೀಟಿ ಓದಿದ ಮೇಲೆ ಗೊತ್ತಾಗುತ್ತೆ" ಅಂದೆ.

ಮಾಲ್‌ಸುಕ್