ಅಮ್ಮ ಹೂಂ ಅಂದ ಊರು

ಟ್ವೈಜಲ್
ಭಾನುವಾರ, ಜುಲೈ 12, 1998

ನನ್ನ ಮುದ್ದಿನ ಸೆಮಿಸಿ,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಿಮ್ಮ ಮೀನಿನ ಹಡಗು ಟಿಮಾರು ಬಂದರಿಗೆ ಬಂದಿರಬೇಕು. ಮೊದಲು ಅಂಗೈ ಹೇಗಿದೆ ಹೇಳು. ಬಲೆಯ ಹಗ್ಗ ಕೊಯ್ದಿದ್ದ ಗಾಯ ಮಾಯಿತೇ, ಇಲ್ಲ ಈಗಲೂ ಉಪ್ಪುನೀರಿನಲ್ಲಿ ಅದ್ದಿಕೊಂಡು "ಏನಿಲ್ಲಮ್ಮ, ಏನಿಲ್ಲ" ಎನ್ನುತ್ತಿದ್ದೀಯಾ? ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ಬರೀ ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿಕೊಳ್ಳಬೇಡ. ನಿನಗಾಗಿ ದಿನಾ ಪ್ರಾರ್ಥನೆ ಮಾಡುತ್ತಿದ್ದೇನೆ, ಆದರೆ ದೇವರು ಬಂದು ನಿನ್ನ ಕಾಲುಚೀಲ ಒಣಗಿಸುವುದಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಚಿಕ್ಕ ಮಗಳು ವಿಕಾಳ ಮುಂದಿನ ಹಲ್ಲು ಬಿತ್ತು. ದೊಡ್ಡವಳು ಲೂಪೆ ಈ ಜುಲೈ ಚಳಿಯಲ್ಲಿ ಮೂಗು ಕೆಂಪಗೆ ಮಾಡಿಕೊಂಡು ಇಡೀ ದಿನ ಹೊರಗೇ ಇರುತ್ತಾಳೆ. ಫೋನಿಗೆ ಕಾಯದೆ ಕಾಗದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಫೋನಿನಲ್ಲಿ ನೀನು ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತೀಯ, ಪಕ್ಕದಲ್ಲಿ ಬ್ರೈಡಿ ನಿಂತಿರುತ್ತಾಳೆ. ಇದು ಅವಳ ಕಿವಿಗೆ ಬೀಳಬಾರದ ಮಾತು. ಗಾಬರಿಯಾಗಬೇಡ, ಸೊಸೆಯ ಮೇಲೆ ಚಾಡಿ ಹೇಳುವ ಅತ್ತೆ ನಾನಲ್ಲ.

ಹಡಗು ಹತ್ತುವ ಮುಂಚೆ ನೀನು ಅವಳಿಗೆ ಹೇಳಿದ್ದು ನನಗೂ ಕೇಳಿಸಿತ್ತು. "ಮೂರು ಊರೂ ನೋಡ್ಕೊಂಡ್ ಬನ್ನಿ. ಅಮ್ಮ ಎಲ್ಲಿ ಹೂಂ ಅಂತಾಳೋ ಅಲ್ಲಿ ಮನೆ ಮಾಡೋಣ." ಭಲೇ ಜಾಣ ನೀನು! ಹೆಂಡತಿಗೂ ಇಲ್ಲ ಅನ್ನಲಿಲ್ಲ. ಭಾರವನ್ನೆಲ್ಲ ನನ್ನ ತಲೆಗೆ ಕಟ್ಟಿ ಸಮುದ್ರಕ್ಕೆ ಹೋದೆ. ಪಾಪ, ಅವಳು ಬೆಟ್ಟದ ಬುಡದ ಬಿಳಿಯರ ಕುರಿ ಫಾರ್ಮಿನಲ್ಲಿ ಹುಟ್ಟಿ ಬೆಳೆದವಳು. ಹಿತ್ತಿಲ ಬೇಲಿಯಾಚೆಗೇ ಹೆದ್ದಾರಿ ಗುಡುಗುವ ನಮ್ಮ ಆಕ್ಲೆಂಡಿನ ಮನೆಯಲ್ಲಿ ಇಷ್ಟು ವರ್ಷ ತುಟಿಪಿಟಿಕ್ಕೆನ್ನದೆ ಬಾಳಿದಳು. ಆದರೆ ತನ್ನ ಮಕ್ಕಳು ಬಯಲು ಅಂದರೆ ಅಂಗಡಿ ಮುಂದೆ ಕಾರು ನಿಲ್ಲಿಸುವ ಜಾಗ ಅಂದುಕೊಂಡಿವೆಯಲ್ಲ ಎಂಬುದು ಅವಳಿಗೆ ಎದೆಯಲ್ಲಿ ಮುಳ್ಳು ಮುರಿದಂತಾಗಿತ್ತು. ಹೊಳೆ ದಾಟಲಿ, ಗುಡ್ಡ ಹತ್ತಲಿ, ಹಿಮದಲ್ಲಿ ಬಿದ್ದು ಏಳಲಿ ಅನ್ನುತ್ತಾಳೆ. ಈ ದಕ್ಷಿಣದ ಮೂರು ಊರಿನ ಶಾಲೆಯವರೂ ಅವಳನ್ನು ಟೀಚರ್ ಕೆಲಸಕ್ಕೆ ಕರೆದಿದ್ದಾರೆ, ಈ ತಿಂಗಳು ಮುಗಿಯುವುದರೊಳಗೆ ಯಾವುದಾದರೂ ಒಂದಕ್ಕೆ ಉತ್ತರ ಕೊಡಬೇಕು. ನನ್ನ ಸಂಗತಿ ಕೇಳು. ವಿಮಾನ ಹತ್ತುವ ಮೊದಲೇ ಮೂರಕ್ಕೂ ಇಲ್ಲ ಅನ್ನುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ನಮ್ಮ ಟೋಂಗಾದ ದ್ವೀಪ ಅಂಗೈಯಂತೆ ಚಪ್ಪಟೆ; ತೆಂಗಿನಮರಕ್ಕಿಂತ ಎತ್ತರದ್ದು ಅಂದರೆ ಅಲ್ಲಿ ಚರ್ಚಿನ ಗೋಪುರ ಒಂದೇ. ಬೆಟ್ಟ ಇಟ್ಟುಕೊಂಡು ನಾನೇನು ಮಾಡಲಿ?

ಮೊದಲು ಪಶ್ಚಿಮದ ರೀಫ್ಟನ್ನಿಗೆ ಹೋದೆವು. ಬ್ರೈಡಿಯ ಅಣ್ಣ ತನ್ನ ಹಳೇ ವ್ಯಾನು ಕೊಟ್ಟಿದ್ದ, ಅದರ ಹೀಟರು ವಿಕಾ ಉಸಿರು ಬಿಟ್ಟಷ್ಟೇ ಬೆಚ್ಚಗೆ ಮಾಡುತ್ತಿತ್ತು. ಆ ಊರಿನ ಜನ ಬಂಗಾರದಂಥವರು, ಸುಳ್ಳು ಹೇಳಬಾರದು. ನಾವು ಇಳಿದ ಮನೆಗೆ ಹೆಸರೂ ಕೇಳದೆ ಒಂದು ಬಕೆಟ್ ಕಲ್ಲಿದ್ದಲು ತಂದಿಟ್ಟು ಹೋದರು. ಆದರೆ ಮಳೆ ನೋಡು, ಬಂದದ್ದು ಹೋಗಲೇ ಇಲ್ಲ. ಸುತ್ತಲ ಬೆಟ್ಟಗಳು ಊರನ್ನು ಹೊದಿಕೆಯೊಳಗೆ ಹಾಕಿಕೊಂಡು ಮಲಗಿದ್ದವು. ಹಗಲಾಯಿತು ಅಂತ ಗಡಿಯಾರ ನೋಡಿ ತಿಳಿಯಬೇಕು. ಬೀದಿಯ ತುಂಬ ಇದ್ದಲಿನ ಹೊಗೆ, ಎರಡನೆಯ ದಿನಕ್ಕೇ ವಿಕಾಳ ಎದೆ ಗೊರಗೊರ. "ಇಲ್ಲಿ ಬೇಡ ಬಿಡಿ ಅಮ್ಮಾ" ಎಂದು ಬ್ರೈಡಿಯೇ ಅಂದಳು. ನಾನು ಬಾಯಿ ತೆರೆಯುವ ಕಷ್ಟವೂ ತಪ್ಪಿತು.

ಆಮೇಲೆ ವಾನಾಕಾ. ಅಬ್ಬಾ, ಅದರ ಚಂದವೇ ಚಂದ! ಸರೋವರ, ಅದರ ಹಿಂದೆ ಬಿಳಿ ಸೆರಗು ಹೊದ್ದ ಶಿಖರ, ದಂಡೆಯ ಉದ್ದಕ್ಕೂ ಅಂಗಡಿ. ಬ್ರೈಡಿಯ ಮುಖ ಅರಳಿದ್ದು ನೋಡಿ, ಮುಗಿಯಿತು, ಇನ್ನು ಇಲ್ಲೇ ಗೂಟ ಅಂದುಕೊಂಡೆ. ಸಂಜೆ ನಾವು ನೋಡಬೇಕಾಗಿದ್ದ ಮನೆಯ ಬೀದಿಯಲ್ಲಿ ಮೇಲೆ ಕೆಳಗೆ ನಡೆದೆ. ದೊಡ್ಡ ದೊಡ್ಡ ಮನೆಗಳು, ಒಂದರಲ್ಲಾದರೂ ದೀಪ ಇಲ್ಲ. ರಜೆಗೆ ಬಂದು ಹೋಗುವವರ ಮನೆಗಳಂತೆ. ಅಂಗಡಿಯಲ್ಲಿ ಒಬ್ಬಾಕೆ ಲೂಪೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮಮ್ಮ ಹೋಟೆಲಿನಲ್ಲಿ ಕೆಲಸಕ್ಕೆ ಬಂದಿದ್ದಾಳಾ?" ಅಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಆದರೂ ಮಗು ಕೈಯಲ್ಲಿದ್ದ ಮಿಠಾಯಿ ಅಲ್ಲೇ ಇಟ್ಟು ಹೊರಗೆ ಬಂತು. ನಾನು ಬ್ರೈಡಿಗೆ ಹೇಳಿದೆ: "ಇದು ಊರಲ್ಲಮ್ಮ, ಬೀಗ ಹಾಕಿಟ್ಟ ಒಡವೆ ಪೆಟ್ಟಿಗೆ. ನೋಡೋಕೆ ಚಂದ, ಒಳಗೆ ಕೂತು ಬಾಳೋಕಲ್ಲ." ಅವಳು ಸರೋವರದ ಕಡೆ ಒಮ್ಮೆ ನೋಡಿ ವ್ಯಾನು ಶುರು ಮಾಡಿದಳು.

ಉಳಿದದ್ದು ಟ್ವೈಜಲ್. ಘಟ್ಟ ಹತ್ತಿ ಇಳಿದು ಈ ಬಯಲಿಗೆ ಬಂದಾಗ ನನಗೆ ಒಳಗೊಳಗೇ ಹಿಗ್ಗು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇಲ್ಲಿಯದು ದೂರದಿಂದಲೂ ನುಣ್ಣಗಿರಲಿಲ್ಲ. ಎತ್ತ ನೋಡಿದರೂ ಒಣಹುಲ್ಲು, ಕಲ್ಲು, ಮೈ ಕೊಯ್ಯುವ ಗಾಳಿ. ಆಣೆಕಟ್ಟಿನ ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿದ ಮರದ ಮನೆಗಳು. ಕೆಸುವಿನೆಲೆ ಇಲ್ಲ, ನಮ್ಮವರ ಚರ್ಚಿಲ್ಲ, ನಮ್ಮ ಮಾತಾಡುವ ಒಂದು ನರಪಿಳ್ಳೆ ಇಲ್ಲ. ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಸಲೀಸಾದ ಊರು ಉಂಟೇ? ಆ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಪಕ್ಕದ ಮನೆಯ ಇಸ್ಲಾ ಬಂದಳು. ನನ್ನದೇ ವಯಸ್ಸು, ನನ್ನಂತೆಯೇ ವಿಧವೆ, ಗಂಡಸಿನ ದನಿ. ಬಾಗಿಲು ತಟ್ಟದೆ ಒಳಗೆ ಬಂದು ಒಲೆಗೆ ಕಟ್ಟಿಗೆ ತುರುಕಿ, ನನ್ನ ಕಾಲು ನೋಡಿ, "ಈ ಚಪ್ಪಲೀಲಿ ಇಲ್ಲಿರ್ತೀಯಾ? ಹೆಬ್ಬೆರಳು ಉದುರಿ ಹೋಗುತ್ತೆ, ಆಯ್ಕೊಳ್ಳೋಕೂ ಸಿಗಲ್ಲ" ಅಂದಳು. ಗಂಡನ ಗಂಬೂಟು ತಂದು ಕೊಟ್ಟಳು. ಆಣೆಕಟ್ಟು ಮುಗಿದ ಮೇಲೆ ಈ ಊರನ್ನೇ ಕಿತ್ತುಹಾಕಬೇಕು ಅಂತಿದ್ದರಂತೆ. "ನಾವು ಏಳ್ಲೇ ಇಲ್ಲ. ಕೂತವ್ರನ್ನ ಎಬ್ಸೋದು ಸುಲಭಾನಾ?" ಎಂದು ನಕ್ಕಳು. ಕೂತಲ್ಲಿಂದ ಏಳದ ಹೆಂಗಸರು ನನಗೆ ಯಾವತ್ತೂ ಹಿಡಿಸುತ್ತಾರೆ, ನಿನಗೇ ಗೊತ್ತು.

ಈಗ ನಿನ್ನೆಯ ಸಂಗತಿ. ಒಹಾವ್ ಸರೋವರದ ಮೇಲಿನ ಕಣಿವೆಯಲ್ಲಿ ಒಂದು ಗುಡಿಸಲಿದೆ, ಅಲ್ಲಿವರೆಗೆ ನಡೆದು ಬರೋಣ ಅಂತ ಬ್ರೈಡಿ ಹೊರಟಳು. "ನೀವು ಒಲೆ ಹತ್ರ ಇರಿ ಅಮ್ಮಾ" ಅಂದಳು. ನಾನು ಬಿಟ್ಟೇನೆ? ಇಸ್ಲಾಳ ಗಂಬೂಟು ಮೆಟ್ಟಿ ಹೊರಟೇಬಿಟ್ಟೆ. ಹೋಗುವಾಗ ಚೆನ್ನಾಗಿತ್ತು. ಬರುವಾಗ ಮೇಲಿಂದ ಗಾಳಿ ಇಳಿಯಿತು, ಹಿಮ ಬೆರೆತ ಮಳೆ ಮುಖಕ್ಕೆ ರಾಚತೊಡಗಿತು. ಒಂದು ಕಡೆ ಮಣ್ಣು ಜರಿದು ದಾರಿ ಕಿರಿದಾಗಿತ್ತು, ಕೆಳಗೆ ಹೊಳೆ ಭೋರೆನ್ನುತ್ತಿತ್ತು. ಬ್ರೈಡಿ ವಿಕಾಳನ್ನು ಬೆನ್ನಿಗೆ ಹಾಕಿಕೊಂಡು ಮುಂದೆ ದಾಟಿದಳು. ನಾನು ನಡುವೆ ನಿಂತುಬಿಟ್ಟೆ. ಮಗನೇ, ನನಗೆ ಅಂಥ ಭಯ ಹಿಂದೆಂದೂ ಆಗಿರಲಿಲ್ಲ. ಕಾಲು ಕಲ್ಲಾಗಿ ಹೋಯಿತು, ಹಿಂದೂ ಇಲ್ಲ, ಮುಂದೂ ಇಲ್ಲ. ಆಗ ನನ್ನ ಹಿಂದಿದ್ದ ಲೂಪೆ ಬಗ್ಗಿ ನನ್ನ ಬೂಟನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ, ಒಂದು ಕಲ್ಲಿನ ಮೇಲೆ ಇಟ್ಟಳು. "ಅಜ್ಜಿ, ಇಲ್ಲಿ ಇಡು. ಕೆಳಗೆ ನೋಡ್ಬೇಡ, ನನ್ನ ಮಾತು ಕೇಳ್ತಾ ಇರು. ಈಗ ಇನ್ನೊಂದು ಕಾಲು. ನಾನು ಹಿಡ್ಕೊಂಡಿದೀನಿ ಅಜ್ಜಿ, ಬಿಡಲ್ಲ." ಹೀಗೆ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತ ನನ್ನನ್ನು ದಾಟಿಸಿದಳು. ಆಚೆ ಹೋಗಿ ಉಸಿರು ಬಿಟ್ಟಮೇಲೆ ನನಗೆ ಹೊಳೆಯಿತು. ಆಡಿದ್ದೆಲ್ಲ ನಮ್ಮ ಮಾತಿನಲ್ಲಿ, ಸೆಮಿಸಿ! ಟೋಂಗಾ ಮಾತಿನಲ್ಲಿ! ಆಕ್ಲೆಂಡಿನಲ್ಲಿ ನಾನು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದ ಹುಡುಗಿ. ಶಾಲೆಯಲ್ಲಿ ಟೋಂಗಾದವರೂ ಅವಳನ್ನು ಅರ್ಧ ಅಂದರು, ಬಿಳಿಯರೂ ಅರ್ಧ ಅಂದರು, ಅದಕ್ಕೇ ಬಾಯಿ ಕಟ್ಟಿತ್ತು. ಆ ಕಡಿದಾದ ಜಾಗದಲ್ಲಿ ಅವಳು ಯಾರ ಅರ್ಧವೂ ಆಗಿರಲಿಲ್ಲ. ನಾನು ಅವಳನ್ನು ಅಪ್ಪಿಕೊಂಡು ಅತ್ತೆ. "ಅಜ್ಜಿ, ಅಳ್ಬೇಡ, ಕಣ್ಣೀರು ಹೆಪ್ಪುಗಟ್ಟುತ್ತೆ" ಅಂದಳು ಕತ್ತೆ.

ವ್ಯಾನಿನಲ್ಲಿ ಬರುವಾಗ ಮೋಡ ಹರಿದು ಒಹಾವ್ ಸರೋವರ ಇಡಿಯಾಗಿ ಕಾಣಿಸಿತು. ನಮ್ಮೂರ ಹವಳದ ದಂಡೆಯೊಳಗಿನ ನೀರಿನ ಬಣ್ಣವೇ, ಕೈ ಇಟ್ಟರೆ ಮಾತ್ರ ಹಿಮ. ಆಗ ಮನಸ್ಸಿನಲ್ಲೇ ಹೂಂ ಅಂದೆ. ಮನೆಗೆ ಹೋಗಿ, ಬಟ್ಟೆ ಬದಲಿಸಿ, ಊಟದ ಹೊತ್ತಿಗೆ ಜೋರಾಗಿ ಹೇಳೋಣ ಅಂತ ಇದ್ದೆ.

ಅಷ್ಟರಲ್ಲಿ ಬ್ರೈಡಿ ನನ್ನ ಮುಂದೆ ನೆಲದ ಮೇಲೆ ಕೂತು, ನನ್ನ ಕಾಲನ್ನು ಬಿಸಿನೀರಿನ ಬೋಗುಣಿಗೆ ಇಟ್ಟಳು. ತಲೆ ಎತ್ತದೆ ಅಂದಳು: "ಅಮ್ಮಾ, ಆಕ್ಲೆಂಡಲ್ಲೇ ಇರೋಣ. ನಾನು ಮೂರೂ ಶಾಲೆಗೆ ಇಲ್ಲ ಅಂತ ಬರೀತೀನಿ." ನಾನು ಯಾಕೆ ಅಂದೆ. "ಇವತ್ತು ಶನಿವಾರ. ಬೆಳಿಗ್ಗೆ ಎದ್ದವರೇ ನೀವು ಹೂವಿನ ಕತ್ತರಿ ಹುಡುಕಿದ್ದು ನೋಡಿದೆ. ಆಮೇಲೆ ಎಲ್ಲಿದೀನಿ ಅಂತ ನೆನಪಾಗಿ ಹುಡುಕೋದು ಬಿಟ್ರಿ. ವಾರ ತಪ್ಪದೆ ಮಾವನ ಗೋರಿಗೆ ಹೋಗಿ ಮಾತಾಡಿ ಬರ್ತೀರಿ. ನನ್ನ ಬೆಟ್ಟದಾಸೆಗೆ ನಿಮ್ಮನ್ನ ಅವರಿಂದ ಕಿತ್ತು ತರೋಕೆ ನನ್ನ ಕೈಲಾಗಲ್ಲ." ಇಲ್ಲ ಕಣಮ್ಮ, ನನಗೆ ಈ ಊರು ಒಪ್ಪಿಗೆ ಅಂದೆ. ಅವಳು ನನ್ನ ಪಾದ ಒರೆಸುತ್ತ ನಕ್ಕಳು. "ನೀವು ಹಾಗೇ ಹೇಳ್ತೀರಿ ಅಂತ ಗೊತ್ತಿತ್ತು. ನನ್ನ ಸಂತೋಷಕ್ಕೆ ಹೇಳ್ತಿದೀರಿ." ಎಷ್ಟು ಹೇಳಿದರೂ ನಂಬಲಿಲ್ಲ. ದಾರಿಯುದ್ದಕ್ಕೂ ಎಲ್ಲದಕ್ಕೂ ಮೂಗು ಮುರಿದವಳ ಮಾತನ್ನು ಯಾರು ತಾನೇ ನಂಬುತ್ತಾರೆ! ಇಂದು ಇಲ್ಲಿಯವರ ಚರ್ಚಿನಲ್ಲಿ ಅವಳು ಹಾಡಲಿಲ್ಲ. ಕಿಟಕಿಯಾಚೆ ಬೆಟ್ಟವನ್ನು ನೋಡುತ್ತಿದ್ದಳು, ಊರಿಗೆ ಹೊರಟವರು ಬಂಧುಗಳನ್ನು ನೋಡುವ ಹಾಗೆ.

ಇಷ್ಟು ವರ್ಷ ಅವಳನ್ನು ನಿನ್ನ ಹೆಂಡತಿ ಅಂತ ಪ್ರೀತಿಸಿದೆ. ನಿನ್ನೆಯಿಂದ ಅವಳು ನನ್ನವಳು, ನೀನು ಅವಳ ಗಂಡ ಅಷ್ಟೆ. ದೇವರು ನಿನ್ನ ಬಲೆ ತುಂಬಿಸಲಿ, ಅಲೆಯನ್ನು ತಗ್ಗಿಸಲಿ, ನಿನ್ನನ್ನು ಇಡಿಯಾಗಿ ನಮಗೆ ಮರಳಿ ಕೊಡಲಿ. ಹಡಗಿನ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು, ಉಪ್ಪು ಕಡಿಮೆ ಹಾಕಲು ಹೇಳು.

ನಿನ್ನ ಅಮ್ಮ,
ಅನಸೇನಿ

ಮರೆತಿದ್ದು: ಸೋಮವಾರ ಬೆಳಿಗ್ಗೆ. ಇಸ್ಲಾ ಟಿಮಾರುವಿಗೆ ಹೊರಟಿದ್ದಾಳೆ, ಹೊರಗೆ ಹಾರ್ನ್ ಬಾರಿಸುತ್ತಿದ್ದಾಳೆ, ಕಾಗದ ಅವಳೇ ಬಂದರಿನ ಕಚೇರಿಗೆ ಕೊಡುತ್ತಾಳಂತೆ. ನೀನು ದಡಕ್ಕೆ ಬಂದ ತಕ್ಷಣ ಬ್ರೈಡಿಗೆ ಫೋನು ಮಾಡಿ ಟ್ವೈಜಲ್ಲೇ ಬೇಕು ಅಂತ ಹೇಳು. ನಿನ್ನ ಸ್ವಂತ ಆಸೆ ಅನ್ನು, ನನ್ನ ಹೆಸರೆತ್ತಬೇಡ. ಬೆಳಿಗ್ಗೆ ಬಂದರು ಬಿಟ್ಟರೆ ಕಾರಿನಲ್ಲಿ ಮಧ್ಯಾಹ್ನದ ಊಟದೊಳಗೆ ಇಲ್ಲಿಗೆ ಬಂದುಬಿಡಬಹುದಂತೆ. ಆಕ್ಲೆಂಡಿನ ಹಾಗೆ ವಿಮಾನ ಹತ್ತಬೇಕಿಲ್ಲ, ಹಡಗು ದಡ ಕಂಡಾಗಲೆಲ್ಲ ನೀನು ಮನೆಯಲ್ಲಿರುತ್ತೀಯ. ನಿಮ್ಮಪ್ಪನ ವಿಷಯ ನನಗೆ ಬಿಡು. ಬದುಕಿದ್ದಾಗಲೂ ಅವರು ವರ್ಷದಲ್ಲಿ ಹೆಚ್ಚು ದಿನ ಸಮುದ್ರದ ಮೇಲೇ ಇದ್ದವರು. ದೂರದಲ್ಲಿರುವ ಗಂಡನ ಜೊತೆ ಸಂಸಾರ ಮಾಡಿ ನನಗೆ ರೂಢಿಯಿದೆ. ಆ ರೂಢಿ ಬ್ರೈಡಿಗೂ ಮಕ್ಕಳಿಗೂ ಬೇಡ.