ದ್ಯಾಮವ್ವನ ಹುಂಜಗಳು

ತಾಳಿಕೋಟೆ
12 ನವೆಂಬರ್ 2024, ಮಂಗಳವಾರ

ಪ್ರೀತಿಯ ನಮ್ಮ ಮನೆಯವರಿಗೆ,

ಮಹಾನಂದಾಳ ನಮಸ್ಕಾರಗಳು. ಹೇಗಿದ್ದೀರಿ? ಘಾಟಿನ ಥಂಡಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಜೆಸಿಬಿ ಏರುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ, ಬರೀ ಚಹಾ ಕುಡಿದು ದಿನ ತಳ್ಳಬೇಡಿ. ಫೋನಿದ್ದೂ ಕಾಗದ ಯಾಕೆ ಎಂದು ನಗಲೂಬೇಡಿ. ನಿಮ್ಮ ರತ್ನಾಗಿರಿ ಗುಡ್ಡದಲ್ಲಿ ನೆಟ್‌ವರ್ಕ್ ಸಿಗುವುದೇ ಅಪರೂಪ. ಸಿಕ್ಕ ಹೊತ್ತಿಗೆ ಸರಿಯಾಗಿ ನಮ್ಮ ಹಿತ್ತಲಿನ ಐದೂ ಹುಂಜಗಳು ಒಟ್ಟಿಗೆ ಕೂಗುತ್ತವೆ. ಹೋದ ಸಲ ನಾನು ಅಳುವುದೊಂದು ಬಾಕಿ ಇಟ್ಟುಕೊಂಡು ಹೇಳುತ್ತಿದ್ದರೆ, ನೀವು 'ಹುಂಜ ಚಲೋ ಬೆಳದಾವಲ್ಲ' ಎಂದು ನಕ್ಕು ಫೋನ್ ಇಟ್ಟಿರಿ. ಕಾಗದದಲ್ಲಾದರೆ ನನ್ನ ಮಾತು ಪೂರ್ತಿ ಕೇಳಲೇಬೇಕು. ನಿಮ್ಮ ಸೈಟಿಗೆ ಕೂಲಿಯವರನ್ನು ಕ್ರೂಸರ್‌ನಲ್ಲಿ ಕರೆದೊಯ್ಯುವ ಬಾಬುಲಾಲಣ್ಣನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಈ ರಗಳೆಯ ಮೂಲ ನೀವೇ. ನಮ್ಮ ಕೋಳಿಯನ್ನು ಪಕ್ಕದ ಮನೆಯ ಶೇವಂತೆವ್ವನಿಗೆ ಪಾಲಿಗೆ ಕೊಟ್ಟಿದ್ದೆವಲ್ಲ, ಸಾಕುವುದು ಆಕೆಯದು, ಮರಿಗಳಲ್ಲಿ ಅರ್ಧ ನಮ್ಮದು ಎಂದು. ಯುಗಾದಿ ಮುಗಿಸಿ ನೀವು ಹೊರಡುವ ಮುನ್ನ ಪಾಲು ಮಾಡಿಕೊಂಡೆವು. ಕೋಳಿ ಕೊಟ್ಟವರೇ ಮೊದಲು ಆರಿಸಬೇಕು ಎಂದು ಆಕೆ ಬುಟ್ಟಿಯನ್ನು ನಿಮ್ಮ ಮುಂದಿಟ್ಟಳು. ಸಣ್ಣವನ್ನೂ ಒಂದೆರಡು ತಗೊಳ್ಳಿ ಎಂದೆ. ನೀವು ಕೇಳಬೇಕಲ್ಲ! ದಪ್ಪ ಕಾಲಿನವು, ಎದೆ ಸೆಟೆಸಿ ನಿಂತವು, ಪಕ್ಕದ ಮರಿಯ ಕಾಳು ಕಸಿಯುವಂಥವು, ಅವನ್ನೇ ಹುಡುಕಿ ಹುಡುಕಿ ತೆಗೆದಿರಿ. 'ಇವು ನೋಡು, ದಿನಾ ತತ್ತಿ ಹಾಕ್ತಾವ' ಎಂದು ಮೀಸೆ ಬೇರೆ ತಿರುವಿದಿರಿ. ಶೇವಂತೆವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಈಗ ಅವಳ ಮನೆಯಲ್ಲಿ ಬುಟ್ಟಿ ತುಂಬ ತತ್ತಿ. ನಮ್ಮ ಹಿತ್ತಲಲ್ಲಿ ಐದು ಹುಂಜ, ಒಂದೇ ಒಂದು ಹೇಂಟೆ.

ಆ ಹೇಂಟೆಯ ಪಾಡು ನೋಡಲಾಗುವುದಿಲ್ಲ. ಐದೂ ಹುಂಜಗಳು ಬೆನ್ನು ಬಿದ್ದು ಅದರ ಪುಕ್ಕವೆಲ್ಲ ಉದುರಿ ಬರಿ ಚರ್ಮ ಕಾಣುತ್ತಿದೆ. ಹಗಲೆಲ್ಲ ಬುಟ್ಟಿ ಮುಚ್ಚಿ ಕಾಯುತ್ತೇನೆ, ತತ್ತಿ ಹಾಕುವುದನ್ನೂ ಬಿಟ್ಟಿದೆ. ಹುಂಜಗಳೋ ತಮ್ಮತಮ್ಮಲ್ಲೇ ಕಾದಾಡಿ, ರಕ್ತ ಸುರಿಸಿಕೊಂಡು, ಒಣಹಾಕಿದ ಶೇಂಗಾ ಎಲ್ಲ ಕೆದರಿ ಹಾಳು ಮಾಡುತ್ತವೆ. ನನಗಂತೂ ತಲೆ ಕೆಟ್ಟುಹೋಗಿದೆ.

ಮಾರು, ಇಲ್ಲವೇ ಕೊಯ್ದು ಸಾರು ಮಾಡು ಎನ್ನುತ್ತೀರಿ. ಹೇಗೆ ಮಾಡಲಿ? ಕಾರಹುಣ್ಣಿಮೆಗೆ ಬರುತ್ತೇನೆ ಎಂದಿರಿ, ಬರಲಿಲ್ಲ. ಅತ್ತೆಯವರು ಒಂದು ಹುಂಜದ ಕಾಲಿಗೆ ಅರಿಶಿನದ ದಾರ ಕಟ್ಟಿ, 'ಯವ್ವಾ ದ್ಯಾಮವ್ವಾ, ನನ್ನ ಮಗ ಮನಿಗೆ ಬಂದ ದಿನ ಇದು ನಿಂದು' ಎಂದು ಹರಕೆ ಹೊತ್ತರು. ಪಂಚಮಿಗೆ ಬರಲಿಲ್ಲ, ಇನ್ನೊಂದಕ್ಕೆ ದಾರ. ಚೌತಿಗೆ ಒಂದು, ದಸರೆಗೆ ಒಂದು. ದೀಪಾವಳಿಗೆ ಗುತ್ತಿಗೆದಾರ ಬಿಡಲಿಲ್ಲ ಎಂದಿರಿ, ಕೊನೆಯದಕ್ಕೂ ದಾರ ಬಿತ್ತು. ದೇವಿಗೆ ಬಿಟ್ಟದ್ದನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ, ಯಾರಿಗೂ ಸುಮ್ಮನೆ ಕೊಡುವ ಹಾಗೂ ಇಲ್ಲ. ನೀವು ಬಂದರೆ ಮಾತ್ರ ಹರಕೆ ತೀರುವುದು. ಅತ್ತೆ ಇಲ್ಲದ ಹೊತ್ತು ನೋಡಿ ಕೋಳಿ ಕೊಳ್ಳುವ ದಸ್ತಗೀರಸಾಬರನ್ನು ಕರೆದೆ. ದಾರ ಕಂಡದ್ದೇ ತಡ, 'ದೇವರ ಹುಂಜ ನನಗ ಬ್ಯಾಡ ತಂಗೆವ್ವಾ, ನಂಗೂ ಮಕ್ಕಳು ಮರಿ ಅದಾವ' ಎಂದು ಗಾಡಿ ಹತ್ತಿದರು. ಮೊನ್ನೆ ಒಂದು ಹುಂಜ ರೊಟ್ಟಿಯ ಬುಟ್ಟಿಗೇ ಹಾರಿತು. ಕಸಬರಿಗೆ ಎತ್ತಿದೆ. 'ದ್ಯಾಮವ್ವನ ಹುಂಜಕ್ಕ ಕಸಬರಿಗಿ ತೋರಸ್ತಿ? ನನ್ನ ಮಗಗ ಏನರ ಆದ್ರ?' ಎಂದು ಅತ್ತೆ ಅತ್ತೇಬಿಟ್ಟರು. ಆಗ ಬಂದ ಸಿಟ್ಟೆಲ್ಲ ನಿಮ್ಮ ಮೇಲೆ.

ಈ ಶುಕ್ರವಾರ ಗೌರಿಹುಣ್ಣಿಮೆ. ಅದಕ್ಕೂ ಬರುವುದಿಲ್ಲ ಎಂದು ಹೋದ ವಾರ ಬಾಬುಲಾಲಣ್ಣನ ಬಾಯಲ್ಲಿ ಹೇಳಿ ಕಳಿಸಿದಿರಿ. ಹರಕೆಗೆ ಹುಂಜ ಉಳಿದಿರಲಿಲ್ಲವಲ್ಲ, ಅತ್ತೆ ಗುಡಿಗೆ ಹೋಗಿ ಬಂದು ಸುಮ್ಮನಾದರು. ಸದ್ಯ, ಇನ್ನೊಂದು ದಾರ ತಪ್ಪಿತು ಎಂದು ನಾನೂ ಸಮಾಧಾನಪಟ್ಟೆ.

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇನೆ, ಜೊತೆಯವರಿಗೂ ಕೊಟ್ಟು ತಿನ್ನಿ. ಅವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಇಷ್ಟೆಲ್ಲ ಬೈದಳು ಎಂದು ಬೇಜಾರು ಮಾಡಿಕೊಳ್ಳಬೇಡಿ. ಸ್ವಲ್ಪ ಮಾಡಿಕೊಂಡರೂ ಅಡ್ಡಿಯಿಲ್ಲ.

ನಿಮ್ಮ
ಮಹಾನಂದಾ

ತಾ.ಕ.: ಬಾಬುಲಾಲಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ, ಮಡಚಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ಅತ್ತೆ ನಾಲ್ಕೈದು ದಿನದಿಂದ ರಾತ್ರಿ ಹಸಿವಿಲ್ಲ ಎಂದು ತಾಟು ಸರಿಸುತ್ತಿದ್ದರು. ವಯಸ್ಸಾಯಿತು, ಅದಕ್ಕೇ ಎಂದುಕೊಂಡಿದ್ದೆ. ಶೇವಂತೆವ್ವ ಈಗ ಬಂದು ಹೇಳಿದಳು. ಹುಂಜ ಮುಗಿದವೆಂದು, ನೀವು ಬರುವ ತನಕ ತಮ್ಮ ರಾತ್ರಿ ಊಟವನ್ನೇ ದ್ಯಾಮವ್ವನಿಗೆ ಬಿಟ್ಟಿದ್ದಾರಂತೆ. ಶುಗರ್ ಗುಳಿಗೆಯನ್ನು ಮಾತ್ರ ಖಾಲಿ ಹೊಟ್ಟೆಯಲ್ಲೇ ನುಂಗುತ್ತಿದ್ದಾರೆ. ಕೇಳಿದರೆ, 'ಅವಗ ಹೇಳಬ್ಯಾಡ, ಕೆಲಸ ಬಿಟ್ಟು ಓಡಿ ಬಂದಾನು' ಎಂದರು. ಓಡಿ ಬನ್ನಿ. ಇದೇ ಗಾಡಿ ತಿರುಗಿ ಬರುವಾಗ ಹತ್ತಿ ಬನ್ನಿ.